ಮಗನ ಕಣ್ಣು ಕೆಂಪು: ಮೆಡಿಕಲ್ ಶಾಪ್‌ನವರು ಕೊಟ್ಟ ಡ್ರಾಪ್ಸ್ ಮುಂದುವರಿಸಬಹುದಾ?

ಹಾವೇರಿ_ಅಮ್ಮ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಾಗಿದೆ, ಗೊತ್ತಿದ್ದವರು ಹೇಳಿ. ಮಗನಿಗೆ ಹತ್ತು ವರ್ಷ. ಅವನ ಸ್ಕೂಲಿನಲ್ಲಿ ತುಂಬಾ ಮಕ್ಕಳಿಗೆ ಕಣ್ಣು ಬಂದಿದೆ. ಇವನಿಗೂ ಎರಡೂ ಕಣ್ಣು ಕೆಂಪು, ನೀರು, ತುರಿಕೆ. ಓಣಿಯ ಮೆಡಿಕಲ್ ಶಾಪ್‌ನಲ್ಲಿ ತೋರಿಸಿದೆ. ಮದ್ರಾಸ್ ಐ ಅಂತ ಹೇಳಿ ಡ್ರಾಪ್ಸ್ ಕೊಟ್ಟರು. ಹಾಕಿದರೆ ಕಣ್ಣು ಬೆಳ್ಳಗಾಗುತ್ತದೆ, ನಿಲ್ಲಿಸಿದರೆ ಮತ್ತೆ ಕೆಂಪು. ಬಾಟಲಿ ಮೇಲೆ ಮಾಕ್ಸಿಫ್ಲಾಕ್ಸಸಿನ್ ಮತ್ತು ಡೆಕ್ಸಾಮೆಥಸೋನ್ ಅಂತ ಇದೆ.

ಇನ್ನೊಂದು ವಿಷಯ. ಇವನು ಪ್ರತಿ ವರ್ಷ ಯುಗಾದಿ ಹೊತ್ತಿಗೆ ಕಣ್ಣುಜ್ಜಲು ಶುರು ಮಾಡುತ್ತಾನೆ, ಮಳೆ ಹಿಡಿದ ಮೇಲೆ ಕಡಿಮೆಯಾಗುತ್ತದೆ. ಆಗಲೂ ಅದೇ ಅಂಗಡಿ, ಅದೇ ಡ್ರಾಪ್ಸ್. ಅತ್ತೆ ನಂದಿಬಟ್ಟಲು ಹೂವು ಇಡು ಸಾಕು ಅಂತಾರೆ. ಯಜಮಾನರು ಡ್ರಾಪ್ಸ್ ಬಿಡಬೇಡ ಅಂತಾರೆ. ಏನು ಮಾಡಲಿ?

ತುಂಗಾತೀರ
ಮುಂದುವರಿಸಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಬಂದಾಗ ಇದೇ ಥರದ್ದೇ ಹಾಕಿದ್ದು. ಬೇಗ ವಾಸಿಯಾಯಿತು.

ಕಣ್ಣಿನ_ಒಪಿಡಿ
ದಯವಿಟ್ಟು ಹಾಗೆ ಹೇಳಬೇಡಿ. ನಾನು ಆಪ್ಟೋಮೆಟ್ರಿಸ್ಟ್, ಕಣ್ಣಿನ ಒಪಿಡಿಯಲ್ಲಿ ಕೆಲಸ. ಡೆಕ್ಸಾಮೆಥಸೋನ್ ಅಂದರೆ ಸ್ಟೀರಾಯ್ಡ್. ಯಾವ ಕಾರಣಕ್ಕೆ ಕಣ್ಣು ಕೆಂಪಾಗಿದ್ದರೂ ಅದು ಕೆಂಪನ್ನು ಇಳಿಸುತ್ತದೆ. ಅದಕ್ಕೇ ಜನಕ್ಕೆ ಅಷ್ಟು ಇಷ್ಟ. ಆದರೆ ಕೆಂಪು ಇಳಿಯಿತು ಅಂದರೆ ಕಾಯಿಲೆ ಹೋಯಿತು ಅಂತಲ್ಲ.

ಮದ್ರಾಸ್ ಐ ಬಹುಪಾಲು ವೈರಸ್‌ನಿಂದ ಬರುತ್ತದೆ, ಹೆಚ್ಚಾಗಿ ಅಡಿನೋವೈರಸ್. ಅದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಮೊದಲ ಕೆಲವು ದಿನ ಜಾಸ್ತಿಯಾಗಿ ಆಮೇಲೆ ಇಳಿಯುವುದು ಅದರ ದಾರಿ. ತಣ್ಣೀರು ಬಟ್ಟೆ, ಕೃತಕ ಕಣ್ಣೀರಿನ ಡ್ರಾಪ್ಸ್, ಕೈ ತೊಳೆಯುವುದು, ಇಷ್ಟೇ. ಬ್ಯಾಕ್ಟೀರಿಯಾದ್ದಾದರೆ ಹಳದಿ ಕೀವು ಬರುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ. ಅದಕ್ಕೆ ಆಂಟಿಬಯಾಟಿಕ್ ಡ್ರಾಪ್ಸ್ ಸಹಾಯ ಮಾಡುತ್ತದೆ.

ಆದರೆ ನನಗೆ ಯೋಚನೆ ಹತ್ತಿದ್ದು ನಿಮ್ಮ ಎರಡನೇ ಪ್ಯಾರಾ ಓದಿ. ಪ್ರತಿ ಬೇಸಿಗೆ, ಹತ್ತು ವರ್ಷದ ಹುಡುಗ, ಎರಡೂ ಕಣ್ಣು, ತುರಿಕೆ. ಇದು ಮದ್ರಾಸ್ ಐ ಕಥೆ ಅಲ್ಲ. ಒಂದು ಕೇಳುತ್ತೇನೆ: ಕಣ್ಣಿಂದ ಬರುವ ಪಿಸುರು ಎಳೆದರೆ ನೂಲಿನ ಥರ ಉದ್ದ ಬರುತ್ತದಾ? ಬಿಸಿಲಿಗೆ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಾನಾ?

ತುಂಗಾತೀರ
ಸ್ಟೀರಾಯ್ಡ್ ಅಂತ ಸುಮ್ನೆ ಹೆದರಿಸಬೇಡಿ. ಡಾಕ್ಟರ್ ಹತ್ತಿರ ಹೋದರೂ ಎಷ್ಟೋ ಸಲ ಅದನ್ನೇ ಬರೆದುಕೊಡುತ್ತಾರೆ. ಫೀಸು ಕೊಟ್ಟು ಅದೇ ಬಾಟಲಿ ತರುವುದಕ್ಕೆ ಯಾಕೆ ಹೋಗಬೇಕು?

ಕಣ್ಣಿನ_ಒಪಿಡಿ
ಡಾಕ್ಟರ್ ಬರೆಯುವುದು ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ಕಣ್ಣು ನೋಡಿದ ಮೇಲೆ. ಕರಿಗುಡ್ಡೆ ಮೇಲೆ ಗಾಯ ಇಲ್ಲ, ಹರ್ಪಿಸ್ ಇಲ್ಲ, ಫಂಗಸ್ ಇಲ್ಲ ಅಂತ ಖಚಿತ ಮಾಡಿಕೊಂಡು ಕೊಡುತ್ತಾರೆ. ಎಷ್ಟು ದಿನ ಹಾಕಬೇಕು, ಹೇಗೆ ಕಡಿಮೆ ಮಾಡುತ್ತಾ ಬರಬೇಕು, ಯಾವಾಗ ಮತ್ತೆ ಬಂದು ಕಣ್ಣೊಳಗಿನ ಪ್ರೆಷರ್ ತೋರಿಸಬೇಕು ಅಂತ ಹೇಳುತ್ತಾರೆ. ಬಾಟಲಿ ಒಂದೇ ಇರಬಹುದು. ಅಂಗಡಿಯವರು ಕೌಂಟರ್ ಆಚೆ ನಿಂತು ಇದೆಲ್ಲ ನೋಡಲು ಆಗುತ್ತದಾ? ಹರ್ಪಿಸ್ ಇರುವ ಕಣ್ಣಿಗೆ ಬರೀ ಸ್ಟೀರಾಯ್ಡ್ ಹಾಕಿದರೆ ಹುಣ್ಣು ಹರಡುತ್ತದೆ. ಹೊರಗಿನಿಂದ ನೋಡಿದರೆ ಅದೂ ಕೆಂಪು ಕಣ್ಣೇ.

ಮೇಷ್ಟ್ರು_ಬಯಲುಸೀಮೆ
ಸ್ಕೂಲಿನ ಕಡೆಯಿಂದ ಒಂದು ಮಾತು. 2023ರ ಜುಲೈ, ಆಗಸ್ಟ್‌ನಲ್ಲಿ ರಾಜ್ಯದ ತುಂಬಾ ಇದು ಹರಡಿತ್ತಲ್ವಾ. ಬೀದರ್, ಹಾವೇರಿ, ರಾಯಚೂರು ಕಡೆ ಜಾಸ್ತಿ ಇತ್ತು. ಆಗ ನಮ್ಮಲ್ಲಿ ಎಲ್ಲರೂ ಕಪ್ಪು ಕನ್ನಡಕ ಹಾಕಿಸಿದರು. ಯಾರೂ ಟವೆಲ್ ನೋಡಲಿಲ್ಲ. ಬಿಸಿಯೂಟದ ಹೊತ್ತಿಗೆ ನಲ್ಲಿ ಪಕ್ಕದ ಮೊಳೆಗೆ ಒಂದು ಟವೆಲ್ ನೇತಾಡುತ್ತಿತ್ತು. ಮಕ್ಕಳೆಲ್ಲ ಮುಖ ತೊಳೆದು ಅದರಲ್ಲೇ ಒರೆಸಿಕೊಂಡು ಊಟಕ್ಕೆ ಕೂರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಪೂರ್ತಿ ಒದ್ದೆ. ನಾನು ಅದನ್ನು ತೆಗೆಸಿದೆ, ಪ್ರತಿ ಮಗುವೂ ಸ್ವಂತ ಕರ್ಚೀಫ್ ತರಬೇಕು ಅಂತ ಮಾಡಿದೆವು, ಸೋಪು ಇಡಿಸಿದೆವು.

ನೋಡಿದರೆ ಬರುವುದಿಲ್ಲ. ಕಣ್ಣು ಮುಟ್ಟಿದ ಕೈ, ಆ ಕೈ ಮುಟ್ಟಿದ ಪೆನ್ನು, ಬೆಂಚು, ಮೊಬೈಲು, ಆಮೇಲೆ ಇನ್ನೊಬ್ಬರ ಕೈ, ಅವರ ಕಣ್ಣು. ದಾರಿ ಇದೇ.

ಬೆಳಗಾವಿ_ಚಳಿ
ಕಪ್ಪು ಕನ್ನಡಕದಿಂದ ಏನೂ ಉಪಯೋಗ ಇಲ್ಲ ಅಂತೀರಾ ಹಾಗಾದ್ರೆ?

ಮೇಷ್ಟ್ರು_ಬಯಲುಸೀಮೆ
ಬೆಳಕು ಚುಚ್ಚುವವರಿಗೆ ಆರಾಮ ಸಿಗುತ್ತದೆ. ಕೈ ಪದೇ ಪದೇ ಕಣ್ಣಿಗೆ ಹೋಗುವುದೂ ಸ್ವಲ್ಪ ತಪ್ಪುತ್ತದೆ. ಪಕ್ಕದವರನ್ನು ಕಾಪಾಡುವುದು ಸೋಪು.

ಲ್ಯಾಬ್_ಟೆಕ್ನಿಷಿಯನ್
ಸೋಪು ಅಂದಿದ್ದು ಸರಿ. ಒಂದು ಸೇರಿಸುತ್ತೇನೆ. ಕೊರೋನಾ ಕಾಲದಿಂದ ಎಲ್ಲರೂ ಸ್ಯಾನಿಟೈಸರ್ ನಂಬಿದ್ದಾರೆ. ಕೊರೋನಾ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ, ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ಅಡಿನೋವೈರಸ್‌ಗೆ ಆ ಹೊದಿಕೆ ಇಲ್ಲ, ಹಾಗಾಗಿ ಸ್ಯಾನಿಟೈಸರ್‌ಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಒಣಗಿದ ಮೇಜಿನ ಮೇಲೂ ವಾರಗಟ್ಟಲೆ ಬದುಕಿರುತ್ತದೆ. ಸೋಪು ಹಚ್ಚಿ ಉಜ್ಜಿ ತೊಳೆದರೆ ಕೈಯಿಂದ ಕೊಚ್ಚಿಹೋಗುತ್ತದೆ. ದಿಂಬಿನ ಕವರ್ ದಿನಾ ಬದಲಿಸಿ, ಬಿಸಿನೀರಿನಲ್ಲಿ ಒಗೆಯಿರಿ.

ಹಾವೇರಿ_ಅಮ್ಮ
@ಕಣ್ಣಿನ_ಒಪಿಡಿ ಹೌದು, ಬಿಳಿ ನೂಲಿನ ಥರ ಬರುತ್ತದೆ. ಬೇಸಿಗೆಯಲ್ಲೂ ಹಾಗೇ. ಬಿಸಿಲಿಗೆ ಹೋದರೆ ಮುಖ ಕಿವುಚಿಕೊಂಡು ಒಂದು ಕಣ್ಣು ಮುಚ್ಚುತ್ತಾನೆ. ಕಣ್ಣಿನ ಬಿಳಿ ಭಾಗ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದೆ. ಧೂಳಿನಿಂದ ಅಂದುಕೊಂಡಿದ್ದೆವು.

ಕಣ್ಣಿನ_ಒಪಿಡಿ
ಹಾಗಾದರೆ ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ. ನಾನು ಇಲ್ಲಿ ಕೂತು ರೋಗ ಹೇಳಬಾರದು, ಆದರೆ ನೀವು ಹೇಳಿದ್ದೆಲ್ಲ ಅಲರ್ಜಿ ಕಡೆ ಬೆರಳು ತೋರಿಸುತ್ತದೆ. ವರ್ನಲ್ ಅಂತ ಕರೆಯುತ್ತೇವೆ. ಬಿಸಿ, ಒಣಹವೆ ಇರುವ ಊರುಗಳಲ್ಲಿ ಜಾಸ್ತಿ. ಹುಡುಗಿಯರಿಗಿಂತ ಹುಡುಗರಿಗೆ ಜಾಸ್ತಿ. ಹೆಚ್ಚಿನವರಿಗೆ ಮೀಸೆ ಮೂಡುವ ವಯಸ್ಸು ದಾಟುವ ಹೊತ್ತಿಗೆ ಕಡಿಮೆಯಾಗುತ್ತದೆ. ಇದು ಯಾರಿಗೂ ಅಂಟುವುದಿಲ್ಲ. ಡಾಕ್ಟರ್ ಮೇಲ್ರೆಪ್ಪೆಯನ್ನು ಮಗುಚಿ ಒಳಗೆ ನೋಡುತ್ತಾರೆ. ಅಲ್ಲಿ ಚಪ್ಪಟೆ ಗಂಟುಗಳು ಒತ್ತೊತ್ತಾಗಿ ಎದ್ದಿರುತ್ತವೆ. ಕಣ್ಣು ಮಿಟುಕಿಸಿದಾಗಲೆಲ್ಲ ಅವು ಕಾರ್ನಿಯಾ, ಅಂದರೆ ಕರಿಗುಡ್ಡೆ ಮೇಲಿನ ಪಾರದರ್ಶಕ ಪದರದ ಮೇಲೆ ಉಜ್ಜುತ್ತವೆ. ಮಗು ಸುಮ್ನೆ ಹಠಕ್ಕೆ ಕಣ್ಣುಜ್ಜುವುದಲ್ಲ, ಒಳಗೆ ಅಷ್ಟು ತುರಿಕೆ ಇರುತ್ತದೆ.

ಜೊತೆಗೆ ಈಗ ಸ್ಕೂಲಿನಿಂದ ಮದ್ರಾಸ್ ಐ ಕೂಡ ಬಂದಿರಬಹುದು. ಎರಡೂ ಒಟ್ಟಿಗೆ ಇರಬಾರದು ಅಂತೇನಿಲ್ಲ. ಹೋಗುವಾಗ ಆ ಬಾಟಲಿ ತೆಗೆದುಕೊಂಡು ಹೋಗಿ. ಎಷ್ಟು ವರ್ಷದಿಂದ, ಎಷ್ಟು ಬಾಟಲಿ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಕಣ್ಣಿನ ಪ್ರೆಷರ್ ನೋಡಿ ಅಂತ ಕೇಳಿಯೇ ಕೇಳಿ.

ರಾಯಚೂರು_ಬಿಸಿಲು
ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನನ್ನ ತಮ್ಮನಿಗೆ ಇದೇ ಆಗಿದ್ದು. ಚಿಕ್ಕವನಿದ್ದಾಗಿಂದ ಬೇಸಿಗೆ ಬಂದರೆ ಕಣ್ಣು ಉರಿ, ತುರಿಕೆ. ಊರಿನ ಅಂಗಡಿಯಲ್ಲಿ ಒಂದು ಡ್ರಾಪ್ಸ್ ಸಿಗುತ್ತಿತ್ತು, ಅಗ್ಗದ್ದು. ಹಾಕಿದ ಕೂಡಲೇ ತಂಪು. ಆಮೇಲೆ ಅವನೇ ಹೋಗಿ ತರುವಷ್ಟು ರೂಢಿಯಾಯಿತು. ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು.

ಪಿಯುಸಿಯಲ್ಲಿ ಕ್ರಿಕೆಟ್ ಆಡುವಾಗ ಪಕ್ಕದಿಂದ ಬರುವ ಬಾಲ್ ಕಾಣುತ್ತಿಲ್ಲ ಅಂದ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದ. ಗಮನ ಇಲ್ಲದೆ ಓಡಾಡುತ್ತಾನೆ ಅಂತ ಅಪ್ಪ ಬೈಯುತ್ತಿದ್ದರು. ಕಣ್ಣಿನ ಆಸ್ಪತ್ರೆಯಲ್ಲಿ ನೋಡಿದಾಗ ಎರಡೂ ಕಣ್ಣಿನ ಪ್ರೆಷರ್ ಏರಿತ್ತು. ನರ ಒಣಗಿತ್ತು. ಸ್ಟೀರಾಯ್ಡ್‌ನಿಂದ ಬಂದ ಗ್ಲಾಕೋಮಾ ಅಂದರು. ಆಪರೇಷನ್ ಆಯಿತು, ಇರುವ ದೃಷ್ಟಿ ಉಳಿದಿದೆ. ಹೋದ ಬದಿಯ ನೋಟ ಬರಲಿಲ್ಲ, ಬರುವುದೂ ಇಲ್ಲ.

ನೋವಿರಲಿಲ್ಲ. ಕೆಂಪಿರಲಿಲ್ಲ. ಅದೇ ನನಗೆ ಇವತ್ತಿಗೂ ಸಂಕಟ. ಕಣ್ಣು ಬೆಳ್ಳಗೆ ಚೆನ್ನಾಗಿ ಕಾಣುತ್ತಿತ್ತು, ಒಳಗೆ ಹಾಳಾಗುತ್ತಿತ್ತು. ಅಕ್ಕ, ನಾಳೆ ಅನ್ನಬೇಡಿ, ಕರೆದುಕೊಂಡು ಹೋಗಿ.

ತುಂಗಾತೀರ
ತುಂಬಾ ಬೇಜಾರಾಯಿತು ಓದಿ. ಆದರೆ ಎಲ್ಲರಿಗೂ ಹೀಗಾಗುತ್ತದಾ? ನಾಲ್ಕು ದಿನ ಹಾಕಿದ್ದಕ್ಕೆ?

ಕಣ್ಣಿನ_ಒಪಿಡಿ
ನಾಲ್ಕು ದಿನಕ್ಕೆ ಹೀಗಾಗುವುದಿಲ್ಲ. ವಾರಗಟ್ಟಲೆ ಹಾಕಿದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಪ್ರೆಷರ್ ಏರುತ್ತದೆ, ಕೆಲವರಿಗೆ ತುಂಬಾ ಏರುತ್ತದೆ. ಮಕ್ಕಳಿಗೆ ಇನ್ನೂ ಬೇಗ. ಯಾರಿಗೆ ಏರುತ್ತದೆ ಅಂತ ಮುಖ ನೋಡಿ ಹೇಳಲಾಗುವುದಿಲ್ಲ, ಅಳೆದೇ ನೋಡಬೇಕು. ಗ್ಲಾಕೋಮಾ ಜೊತೆಗೆ ಚಿಕ್ಕ ವಯಸ್ಸಿಗೇ ಕಣ್ಣಿನ ಪೊರೆಯೂ ಬರುತ್ತದೆ. ಅಲರ್ಜಿಗೆ ಬೇರೆ ಡ್ರಾಪ್ಸ್ ಇವೆ. ಓಲೋಪಟಡಿನ್ ಥರದ್ದು ದಿನಾ ಹಾಕಬಹುದು. ತೀವ್ರವಾಗಿದ್ದರೆ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಕೊಡುತ್ತಾರೆ. ಸ್ಟೀರಾಯ್ಡ್ ಬೇಕೇ ಬೇಕಾದಾಗ ಡಾಕ್ಟರ್ ಸ್ವಲ್ಪ ದಿನ ಕೊಟ್ಟು ನಿಲ್ಲಿಸುತ್ತಾರೆ. ಮಗು ಕಣ್ಣುಜ್ಜುವುದನ್ನು ನಿಲ್ಲಿಸುವುದೂ ಚಿಕಿತ್ಸೆಯೇ. ವರ್ಷಾನುಗಟ್ಟಲೆ ಉಜ್ಜಿದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುತ್ತದೆ. ಅದನ್ನು ಕೆರಟೋಕೋನಸ್ ಅಂತಾರೆ.

ಔಷಧಿ_ಅಂಗಡಿ
ಎಲ್ಲರೂ ಅಂಗಡಿಯವರನ್ನೇ ದೂರುತ್ತಿದ್ದೀರಿ, ನಮ್ಮ ಕಡೆಯದ್ದೂ ಕೇಳಿ. ನಾನು ಫಾರ್ಮಸಿಸ್ಟ್, ತಾಲೂಕು ಕೇಂದ್ರದಲ್ಲಿ ಅಂಗಡಿ ಇದೆ. ಚೀಟಿ ಇಲ್ಲದೆ ಮಾರಬಾರದು ಅಂತ ಬಾಟಲಿ ಮೇಲೇ ಬರೆದಿರುತ್ತದೆ. ನಾನು ಕೊಡುವುದಿಲ್ಲ. ಆದರೆ ಚೀಟಿ ಕೇಳಿದರೆ ಜನ ಎದುರಿನ ಅಂಗಡಿಗೆ ಹೋಗುತ್ತಾರೆ. "ಹೋದ ಸಲ ಕೊಟ್ಟಿದ್ರಲ್ಲ" ಅಂತ ಜಗಳ ಮಾಡುತ್ತಾರೆ. ಖಾಲಿ ಬಾಟಲಿ ತಂದು ಇದೇ ಬೇಕು ಅಂತಾರೆ. ಕಣ್ಣಿನ ಡಾಕ್ಟರ್ ನಮ್ಮ ತಾಲೂಕಿನಲ್ಲಿ ವಾರಕ್ಕೆ ಒಂದು ದಿನ ಮಾತ್ರ ಸಿಗುತ್ತಾರೆ. ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಗೆ ಹೋಗು ಅಂದರೆ ಎಷ್ಟು ಜನ ಹೋಗುತ್ತಾರೆ ಹೇಳಿ?

ರಾಯಚೂರು_ಬಿಸಿಲು
ಕಷ್ಟ ಗೊತ್ತಾಗುತ್ತದೆ. ಆದರೆ ನನ್ನ ತಮ್ಮನಿಗೆ ಒಬ್ಬ ಅಂಗಡಿಯವರಾದರೂ "ಇದು ಸ್ಟೀರಾಯ್ಡ್, ಜಾಸ್ತಿ ಹಾಕಬಾರದು" ಅಂತ ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಯಾರೂ ಹೇಳಲಿಲ್ಲ.

ಔಷಧಿ_ಅಂಗಡಿ
ಅದನ್ನು ಒಪ್ಪುತ್ತೇನೆ. ಹೇಳಲೇಬೇಕು. ಓದುವವರೂ ನೆನಪಿಡಿ: ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್. ಬಾಟಲಿ ಮೇಲೆ ಈ ಹೆಸರು ಕಂಡರೆ ಅದು ಸ್ಟೀರಾಯ್ಡ್. ಬರೀ ಆಂಟಿಬಯಾಟಿಕ್ ಅಂದುಕೊಂಡು ತರಬೇಡಿ, ಜೊತೆಯಲ್ಲಿ ಸೇರಿಸಿದ ಡ್ರಾಪ್ಸ್ ತುಂಬಾ ಇವೆ.

ಮಲೆನಾಡು_ಮನೆ
ನಂದಿಬಟ್ಟಲಿನ ಬಗ್ಗೆ ಯಾರೂ ಮಾತೇ ಆಡಲಿಲ್ಲ. ನಮ್ಮ ಅಜ್ಜಿ ಕಾಲದಿಂದ ಕಣ್ಣುರಿಗೆ ಅದೇ ಮದ್ದು. ರಾತ್ರಿ ನೀರಲ್ಲಿ ನೆನೆಸಿಟ್ಟು ಬೆಳಿಗ್ಗೆ ಕಣ್ಣು ಮುಚ್ಚಿ ಮೇಲೆ ಇಟ್ಟುಕೊಳ್ಳುವುದು. ಹರಳೆಣ್ಣೆ ನೆತ್ತಿಗೆ. ಎಲ್ಲಕ್ಕೂ ಬಾಟಲಿ ಬೇಕಾ?

ಕಣ್ಣಿನ_ಒಪಿಡಿ
ಮುಚ್ಚಿದ ರೆಪ್ಪೆಯ ಮೇಲೆ ತಣ್ಣಗಿನ ಹೂವು ಇಟ್ಟರೆ ತೊಂದರೆ ಇಲ್ಲ, ಹಿತವಾಗಿರುತ್ತದೆ. ನೆತ್ತಿಗೆ ಎಣ್ಣೆಯೂ ಸರಿ. ಕಣ್ಣಿನ ಒಳಗೆ ಹಿಂಡುವುದು ಮಾತ್ರ ಬೇಡ. ಹೂವಿನ ರಸ, ಸೊಪ್ಪಿನ ರಸ, ಜೇನು, ಈರುಳ್ಳಿ, ಎದೆಹಾಲು, ಯಾವುದೂ ಬೇಡ. ಗಿಡದ ರಸದಲ್ಲಿ ಫಂಗಸ್ ಇರಬಹುದು. ಕೆರಳಿದ ಕಣ್ಣಿನ ಮೇಲ್ಪದರ ಮೊದಲೇ ಗಾಯವಾಗಿರುತ್ತದೆ.

ಮಲೆನಾಡು_ಮನೆ
ಒಳಗೆ ಹಿಂಡುವುದು ನಾವೂ ಮಾಡುವುದಿಲ್ಲ. ಮೇಲೆ ಇಡುವುದು ಅಷ್ಟೇ.

ಮಂಡ್ಯ_ಗದ್ದೆ
ಫಂಗಸ್ ಅಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಚಿಕ್ಕಪ್ಪನಿಗೆ ಕಬ್ಬು ಕಡಿಯುವಾಗ ಗರಿ ಕಣ್ಣಿಗೆ ಹೊಡೆಯಿತು. ಕೆಂಪಾಯಿತು, ನೀರು ಸುರಿಯಿತು. ಎಲ್ಲರೂ ಮದ್ರಾಸ್ ಐ ಅಂದರು, ಆಗ ಊರಲ್ಲಿ ಅದು ಓಡಾಡುತ್ತಿತ್ತು. ಅಂಗಡಿ ಡ್ರಾಪ್ಸ್ ಬಿತ್ತು. ಮೊದಲು ಆರಾಮ ಅನಿಸಿತು. ಆಮೇಲೆ ಕರಿಗುಡ್ಡೆ ಮೇಲೆ ಬೂದು ಬಣ್ಣದ ಮಚ್ಚೆ ಎದ್ದಿತು, ರಾತ್ರಿ ನಿದ್ದೆ ಬಾರದಷ್ಟು ನೋವು. ಆಸ್ಪತ್ರೆಯಲ್ಲಿ ಮಚ್ಚೆಯ ಅಂಚನ್ನು ಕೆರೆದು ಪರೀಕ್ಷೆ ಮಾಡಿದರು, ಫಂಗಸ್. ನಾಟಮೈಸಿನ್ ಡ್ರಾಪ್ಸ್ ಗಂಟೆಗೊಮ್ಮೆ ಹಾಕಬೇಕಿತ್ತು, ರಾತ್ರಿಯೂ. ಹುಣ್ಣು ಒಣಗಲು ತಿಂಗಳು ಮೀರಿತು. ಬಿಳಿ ಕಲೆ ಉಳಿದು ಆ ಕಣ್ಣು ಮಂಜಾಯಿತು. ಕೊನೆಗೆ ದಾನದ ಕಾರ್ನಿಯಾ ಹಾಕಬೇಕಾಯಿತು.

ಭತ್ತ ಬಡಿಯುವಾಗ ಹೊಟ್ಟು, ಕಬ್ಬಿನ ಗರಿ, ಮುಳ್ಳು, ಏನೇ ತಗುಲಿ ಕಣ್ಣು ಕೆಂಪಾದರೆ ಅದು ಅಂಟುಕಾಯಿಲೆ ಅಲ್ಲ. ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಅಪ್ಪು_ಅಭಿಮಾನಿ
ದಾನದ ಕಾರ್ನಿಯಾ ಅಂದಾಗ ನೆನಪಾಯಿತು. 2021ರಲ್ಲಿ ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಕಾರ್ನಿಯಾದ ಮುಂದಿನ ಪದರ ಒಬ್ಬರಿಗೆ, ಹಿಂದಿನ ಪದರ ಇನ್ನೊಬ್ಬರಿಗೆ ಹಾಕಿದ್ದರು. 2006ರಲ್ಲಿ ಅಣ್ಣಾವ್ರ ಕಣ್ಣೂ ದಾನ ಆಗಿತ್ತು. ಕನ್ನಡಕ ಹಾಕುವವರೂ, ಶುಗರ್ ಇರುವವರೂ ಕೊಡಬಹುದು. ಸತ್ತ ಮೇಲೆ ಆರು ಗಂಟೆಯೊಳಗೆ ಐ ಬ್ಯಾಂಕ್‌ಗೆ ಫೋನ್ ಮಾಡಿ ತೆಗೆಸಬೇಕು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಬೇಕು.

ಬೆಳಗಾವಿ_ಚಳಿ
ಒಳ್ಳೆಯ ವಿಷಯ, ಆದರೆ ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಕೆಂಪು ಕಣ್ಣು ಮುಂದುವರಿಯಲಿ.

ಕೋಲ್ಕತ್ತಾ_ಕನ್ನಡಿಗ
ಇಲ್ಲಿನ ಹಿರಿಯರು ಇದೇ ಕಾಯಿಲೆಗೆ ಜಯ್ ಬಾಂಗ್ಲಾ ಅಂತಾರೆ. 1971ರಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಜನ ಕಿಕ್ಕಿರಿದಿದ್ದರು, ನೀರು ಸಾಲದು. ಆಗ ಕಣ್ಣುಬೇನೆ ಬಂಗಾಳದಲ್ಲೆಲ್ಲ ಹಬ್ಬಿತು. ಅದು ಬೇರೆ ವೈರಸ್, ಕಣ್ಣಿನ ಬಿಳಿ ಭಾಗದಲ್ಲಿ ರಕ್ತದ ಮಚ್ಚೆ ಬರುವಂಥದ್ದು. 1969ರಲ್ಲಿ ಘಾನಾದಲ್ಲಿ ಮೊದಲು ಕಾಣಿಸಿಕೊಂಡಿತ್ತು. ಅದೇ ವರ್ಷ ಮನುಷ್ಯ ಚಂದ್ರನ ಮೇಲೆ ಇಳಿದಿದ್ದರಿಂದ ಅಲ್ಲಿ ಅಪೋಲೋ ಕಾಯಿಲೆ ಅಂದರು.

ಹಾಸ್ಟೆಲ್_ಹುಡುಗಿ
ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ರೂಮ್‌ಮೇಟ್‌ಗೆ ಮದ್ರಾಸ್ ಐ ಬಂದಿದೆ. ನನ್ನ ಒಂದು ಕಣ್ಣೂ ಕೆಂಪಾಗಿದೆ, ಚುಚ್ಚಿದ ಹಾಗೆ ನೋವಿದೆ. ಕೃತಕ ಕಣ್ಣೀರು ಹಾಕಿ ಕಾಯಲಾ?

ಕಣ್ಣಿನ_ಒಪಿಡಿ
ಕಾಯಬೇಡಿ. ಲೆನ್ಸ್ ತೆಗೆದು ಇವತ್ತೇ ಹೋಗಿ. ಲೆನ್ಸ್ ಮತ್ತು ಡಬ್ಬಿ ಎಸೆಯಬೇಡಿ, ಜೊತೆಗೆ ಒಯ್ಯಿರಿ, ಪರೀಕ್ಷೆಗೆ ಬೇಕಾಗಬಹುದು. ಲೆನ್ಸ್ ಹಾಕುವವರಿಗೆ ಕೆಂಪು ಜೊತೆ ನೋವಿದ್ದರೆ ಕಾರ್ನಿಯಾ ಸೋಂಕು ಅಂತಲೇ ಮೊದಲು ಅನುಮಾನಿಸಬೇಕು. ಕೆಲವು ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕಣ್ಣು ಕೆಡಿಸುತ್ತವೆ. ಇನ್ನು ಮುಂದೆ ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಹಾಕಿಕೊಂಡು ಮಲಗಬೇಡಿ.

ಎಲ್ಲರಿಗೂ ಹೇಳುತ್ತೇನೆ. ನಿಜವಾದ ನೋವು, ನೋಟ ಮಂಜಾಗುವುದು, ಬೆಳಕು ನೋಡಲಾಗದಿರುವುದು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ. ಇದರಲ್ಲಿ ಒಂದಿದ್ದರೂ ಅದನ್ನು ಸಾದಾ ಮದ್ರಾಸ್ ಐ ಅಂದುಕೊಳ್ಳಬೇಡಿ.

ಉಡುಪಿ_ಮಳೆ
ನನಗೆ ಮದ್ರಾಸ್ ಐ ಬಂದು ಕೆಂಪೆಲ್ಲ ಹೋದ ಮೇಲೂ ಬಲಗಣ್ಣು ಮಬ್ಬು. ರಾತ್ರಿ ಗಾಡಿ ಓಡಿಸುವಾಗ ಎದುರಿನ ಲೈಟು ಚದುರಿದ ಹಾಗೆ ಕಾಣುತ್ತಿತ್ತು. ಡಾಕ್ಟರ್ ನೋಡಿ ಕಾರ್ನಿಯಾದಲ್ಲಿ ಸಣ್ಣ ಸಣ್ಣ ಚುಕ್ಕೆಗಳಿವೆ, ವೈರಸ್ ಬಿಟ್ಟುಹೋದದ್ದು ಅಂದರು. ಅದಕ್ಕೆ ಸ್ಟೀರಾಯ್ಡನ್ನೇ ಕೊಟ್ಟರು, ನಿಧಾನಕ್ಕೆ ಕಡಿಮೆ ಮಾಡುತ್ತಾ ಬಂದರು, ಪ್ರತಿ ಸಲ ಪ್ರೆಷರ್ ನೋಡಿದರು. ತಿಂಗಳುಗಳು ಹಿಡಿದವು, ಈಗ ಚೆನ್ನಾಗಿದ್ದೇನೆ. ಹಾಗಾಗಿ ಸ್ಟೀರಾಯ್ಡ್ ಅಂದ ಕೂಡಲೇ ವಿಷ ಅನ್ನುವುದೂ ಸರಿಯಲ್ಲ.

ತುಂಗಾತೀರ
ನಾನು ಕೇಳುತ್ತಿದ್ದದ್ದೂ ಅದೇ. ಮದ್ದು ಕೆಟ್ಟದ್ದಲ್ಲ, ನೋಡದೇ ಹಾಕುವುದು ಕೆಟ್ಟದ್ದು ಅಂತ ಈಗ ಅರ್ಥವಾಯಿತು.

ಹೊಸ_ತಾಯಿ
ನನ್ನ ಪಾಪುಗೆ ಮೂರು ತಿಂಗಳು. ಹುಟ್ಟಿದಾಗಿಂದ ಎಡಗಣ್ಣಲ್ಲಿ ನೀರು, ಬೆಳಿಗ್ಗೆ ಪಿಸುರು. ಕಣ್ಣು ಕೆಂಪಿಲ್ಲ. ಅಮ್ಮ ಎದೆಹಾಲು ಬಿಡು ಅಂತಾರೆ.

ಕಣ್ಣಿನ_ಒಪಿಡಿ
ಕೆಂಪಿಲ್ಲದೆ ಬರೀ ನೀರು, ಪಿಸುರು ಅಂದರೆ ಹೆಚ್ಚಾಗಿ ಕಣ್ಣೀರಿನ ನಾಳ ಪೂರ್ತಿ ತೆರೆದಿರುವುದಿಲ್ಲ. ಮೂಗಿನ ಪಕ್ಕ ಮಸಾಜ್ ಮಾಡುವುದನ್ನು ಡಾಕ್ಟರ್ ತೋರಿಸಿಕೊಡುತ್ತಾರೆ. ಹೆಚ್ಚಿನ ಮಕ್ಕಳಿಗೆ ವರ್ಷ ತುಂಬುವುದರೊಳಗೆ ತಾನಾಗಿ ಸರಿಹೋಗುತ್ತದೆ. ಎದೆಹಾಲು ಪಾಪುವಿನ ಹೊಟ್ಟೆಗೆ ಹೋಗಲಿ. ಕಾಡಿಗೆಯನ್ನೂ ಕಣ್ಣೊಳಗೆ ಹಚ್ಚಬೇಡಿ. ಆದರೆ ಹುಟ್ಟಿದ ಮೊದಲ ತಿಂಗಳಲ್ಲಿ ರೆಪ್ಪೆ ಊದಿ ಕೀವು ಸುರಿದರೆ ಅದು ತುರ್ತು. ಒಂದು ಗಂಟೆಯೂ ಕಾಯಬಾರದು.

ಹಾವೇರಿ_ಅಮ್ಮ
ತೋರಿಸಿಕೊಂಡು ಬಂದೆ. ರೆಪ್ಪೆ ಮಗುಚಿ ನೋಡಿದರು, ಗಂಟುಗಳಿವೆ. ಅಲರ್ಜಿಯೇ. ಪ್ರೆಷರ್ ಸ್ವಲ್ಪ ಜಾಸ್ತಿ ಇದೆ, ನರಕ್ಕೆ ಇನ್ನೂ ಏಟು ಬಿದ್ದಿಲ್ಲ ಅಂದರು. ಆ ಡ್ರಾಪ್ಸ್ ನಿಲ್ಲಿಸಿ ಬೇರೆ ಕೊಟ್ಟಿದ್ದಾರೆ. ಪ್ರೆಷರ್ ಇಳಿಯಿತಾ ಅಂತ ಮತ್ತೆ ಬರಲು ಹೇಳಿದ್ದಾರೆ. ಯಜಮಾನರೂ ಜೊತೆಗೆ ಬಂದಿದ್ದರು, ಅವರೇ ಬಾಟಲಿ ತೋರಿಸಿದರು. ಎಲ್ಲರಿಗೂ ಕೈ ಮುಗಿಯುತ್ತೇನೆ. ಇನ್ನೊಂದೇ ಕಷ್ಟ. ಡ್ರಾಪ್ಸ್ ಅಂದರೆ ಇವನು ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಾನೆ, ಅರ್ಧ ಕೆನ್ನೆ ಮೇಲೆ ಹೋಗುತ್ತದೆ.

ರಾಯಚೂರು_ಬಿಸಿಲು
ಸದ್ಯ, ಸಮಯಕ್ಕೆ ಹೋದಿರಿ. ಮತ್ತೆ ತೋರಿಸುವುದನ್ನು ಮಾತ್ರ ತಪ್ಪಿಸಬೇಡಿ.

ಕಣ್ಣಿನ_ಒಪಿಡಿ
ತುಂಬಾ ಖುಷಿಯಾಯಿತು. ಅಂಗಾತ ಮಲಗಿಸಿ, ಕಣ್ಣು ಮುಚ್ಚಿಕೊಂಡೇ ಇರಲಿ ಬಿಡಿ. ಮೂಗಿನ ಪಕ್ಕದ ಮೂಲೆಯಲ್ಲಿ ಒಂದು ಹನಿ ಬಿಡಿ. ಆಮೇಲೆ ಕಣ್ಣು ತೆರೆ ಅನ್ನಿ, ತಾನಾಗಿ ಒಳಗೆ ಹೋಗುತ್ತದೆ. ಆ ಮೂಲೆಯನ್ನು ಬೆರಳಿಂದ ಮೆಲ್ಲಗೆ ಒಂದು ನಿಮಿಷ ಒತ್ತಿ, ಗಂಟಲಿಗೆ ಕಹಿ ಇಳಿಯುವುದಿಲ್ಲ. ಎರಡು ಥರದ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಬಾಟಲಿ ಮೂತಿ ರೆಪ್ಪೆಗೆ ತಾಗಬಾರದು.

ಔಷಧಿ_ಅಂಗಡಿ
ಬಾಟಲಿ ತೆರೆದ ದಿನವನ್ನು ಪೆನ್ನಿನಲ್ಲಿ ಅದರ ಮೇಲೇ ಬರೆದಿಡಿ. ಸಾಮಾನ್ಯವಾಗಿ ತೆರೆದ ಮೇಲೆ ಒಂದು ತಿಂಗಳು ಮಾತ್ರ. ಆಮೇಲೆ ಅರ್ಧ ಉಳಿದಿದ್ದರೂ ಎಸೆಯಿರಿ, ಮನೆಯಲ್ಲಿ ಇನ್ನೊಬ್ಬರಿಗೆ ಹಾಕಬೇಡಿ.